ಕೀಲಿ ಮಾವ ಓದದೆ ಬಿಟ್ಟ ಪುಟ

ಸರಕು ಸಾಗಣೆಯ ಲೋಕದಲ್ಲಿ ದೊಡ್ಡವರೆಂದರೆ ಸಾಮಾನ್ಯವಾಗಿ ಲಾರಿಗಳ ಒಡೆಯರು, ಕಚೇರಿಯ ಮೇಲಧಿಕಾರಿಗಳು, ಹೆಚ್ಚೆಂದರೆ ಸಾವಿರ ಮೈಲಿಯ ದಾರಿಯನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲ ಹಳೆಯ ಚಾಲಕರು. ಲಾರಿಯ ಹಿಂಬಾಗಿಲಿಗೂ ಗೋದಾಮಿನ ಬಾಗಿಲಿಗೂ ನಡುವಿನ ನಾಲ್ಕು ಅಡಿ ಎತ್ತರದ ಸಿಮೆಂಟು ಕಟ್ಟೆಯ ಮೇಲೆ ಆಯುಷ್ಯವನ್ನೇ ಸವೆಸಿದವರನ್ನು ಯಾರೂ ಆ ಸಾಲಿನಲ್ಲಿ ಕೂರಿಸುವುದಿಲ್ಲ. ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಲೋಡಿಂಗ್ ಕಟ್ಟೆಯ ಮೇಲ್ವಿಚಾರಕರು, ಅಂದರೆ ಸಣ್ಣವರು ದೊಡ್ಡವರೆನ್ನದೆ ಎಲ್ಲರೂ ಕರೆಯುವ ಕೀಲಿ ಮಾವ, ಅಂಥವರಲ್ಲೊಬ್ಬರು. ಕಟ್ಟೆಯ ಮೇಲೆ ಅವರದು ಮೂವತ್ತಾರು ವರ್ಷದ ಸೇವೆ. ಮೊದಲ ಒಂಬತ್ತು ವರ್ಷ ಸರಕು ಎತ್ತುವ ಗಾಡಿಯ, ಅಂದರೆ ಫೋರ್ಕ್‌ಲಿಫ್ಟ್ ಚಾಲಕರಾಗಿ, ಉಳಿದ ಇಪ್ಪತ್ತೇಳು ವರ್ಷ ಮೇಲ್ವಿಚಾರಕರಾಗಿ. ಆ ಇಪ್ಪತ್ತೇಳು ವರ್ಷಗಳಲ್ಲಿ ಅಲ್ಲಿ ಒಂದು ಜೀವ ಹೋಗಲಿಲ್ಲ, ಒಂದು ಮೂಳೆ ಮುರಿಯಲಿಲ್ಲ. ಅಭಿನಂದಿಸಲು ಇಷ್ಟು ಧಾರಾಳವಾಗಿ ಸಾಕು. ಅಭಿನಂದಿತರು ಮಾತ್ರ ಇಷ್ಟಕ್ಕೆ ಒಪ್ಪಲಿಲ್ಲ. ಆ ವಿಷಯ ಮುಂದೆ ಬರುತ್ತದೆ.

ಮಾವನವರಿಗೆ ಆ ಹೆಸರು ಬಂದದ್ದು ಕೊರಳಿನಿಂದ. ಲಾರಿಯೊಂದು ಹಿಮ್ಮುಖವಾಗಿ ಬಂದು ಕಟ್ಟೆಗೆ ಒರಗಿದ ಕೂಡಲೇ ಅವರು ಅದರ ಚಾಲಕನಿಂದ ಕೀಲಿ ಇಸಿದುಕೊಂಡು, ದಾರಕ್ಕೆ ಪೋಣಿಸಿ, ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಫೋರ್ಕ್‌ಲಿಫ್ಟ್ ಸರಕು ಹೊತ್ತು ಲಾರಿಯ ಒಳಹೊಕ್ಕಿರುವಾಗ ಚಾಲಕ ಅರಿಯದೆ ಲಾರಿಯನ್ನು ಎರಡು ಗೇಣು ಮುಂದೆ ತೆಗೆದರೂ ಸಾಕು, ಹೊರಬರುವ ಗಾಡಿ ಮನುಷ್ಯನ ಸಮೇತ ಲಾರಿಗೂ ಕಟ್ಟೆಗೂ ನಡುವಿನ ಸಂದಿಗೆ ಬೀಳುತ್ತದೆ. ಕೆಲಸ ಮುಗಿದು ಗಾಡಿ ಹೊರಗೆ ಬರುವ ತನಕ ದೇವರೇ ಬಂದು ಕೇಳಿದರೂ ಮಾವ ಕೀಲಿ ಕೊಡುತ್ತಿರಲಿಲ್ಲ. ಒಮ್ಮೊಮ್ಮೆ ಐದಾರು ಕೀಲಿಗಳು ಅವರ ಎದೆಯ ಮೇಲೆ ಗಲಗಲ ಎನ್ನುತ್ತಿದ್ದುವು. ಅವರು ಎಲ್ಲಿದ್ದಾರೆಂದು ಹುಡುಕಬೇಕಾದ ಪ್ರಮೇಯ ಯಾರಿಗೂ ಬರಲಿಲ್ಲ.

ಒಮ್ಮೆ ಒಬ್ಬ ಲಾರಿ ಚಾಲಕ ಫೋನಿನಲ್ಲಿ ಮಾತಾಡಿ ಮುಗಿಸಿದವನೇ ಮಾವನ ಕೊರಳಪಟ್ಟಿಗೇ ಕೈ ಹಾಕಿದ. "ಕೊಡ್ರೀ ಕೀಲಿ! ನನ್ನ ಹೆಂಡ್ತೀನ ಹೆರಿಗೆಗೆ ಕರ್ಕೊಂಡು ಹೋಗಿದ್ದಾರೆ!"

"ಒಳಗೊಬ್ಬ ಇದ್ದಾನಪ್ಪಾ. ಅವನಿಗೂ ಹೆಂಡ್ತಿ ಇದ್ದಾಳೆ," ಎಂದು ಮಾವ ಕದಲದೆ ನಿಂತರು. ಗಾಡಿ ಹೊರಬಂದ ಮೇಲೆ ಕೀಲಿಯನ್ನು ಅವನ ಕೈಗಿತ್ತು, ಉಳಿದ ಅರ್ಧ ಸರಕನ್ನು ಕಟ್ಟೆಯ ಮೇಲೇ ಬಿಡಿಸಿ, ಲಾರಿಯನ್ನು ಖಾಲಿ ಜಾಗದೊಂದಿಗೇ ಕಳಿಸಿಬಿಟ್ಟರು. ಸಂಜೆ ಕಚೇರಿಯವರು ಅವರ ಮುಖದ ನೀರಿಳಿಸಿದರು. ಮಾವ ಎಲ್ಲವನ್ನೂ ಕೇಳಿಸಿಕೊಂಡು, "ಮಗು ಹುಟ್ಟಿತಂತೆ," ಎಂದಷ್ಟೇ ಹೇಳಿ ಎದ್ದು ಬಂದರು.

ಕಟ್ಟೆಯೆಂದರೆ ಕೆಲಸವೆಷ್ಟೋ ಚೇಷ್ಟೆಯೂ ಅಷ್ಟೇ ಎಂಬುದು ಅಲ್ಲಿ ದುಡಿದವರಿಗೆಲ್ಲ ಗೊತ್ತು. ಲಾರಿ ತಡವಾದರೆ ಕೈಗೆ ಕೆಲಸವಿಲ್ಲ, ಕಾಲ ಕೆಳಗೆ ಮೂರು ಟನ್ನಿನ ಗಾಡಿಯಿದೆ, ಇನ್ನೇನು ಬೇಕು? ಗಾಡಿಯ ಮುಂದೆ ಚಾಚಿದ ಫೋರ್ಕಿನ ಮೇಲೆ ನಿಂತು ಚಾವಣಿ ಮುಟ್ಟುವುದು, ಗಾಡಿಗಳನ್ನು ಹಿಮ್ಮುಖವಾಗಿ ಓಡಿಸಿ ಪಂದ್ಯ ಕಟ್ಟುವುದು, ಸದ್ದಿಲ್ಲದೆ ಹಿಂದೆ ಬಂದು ಹಾರನ್ ಬಾರಿಸಿ ಹಮಾಲಿಯನ್ನು ಬೆಚ್ಚಿ ಬೀಳಿಸುವುದು. ಹಾಗೆ ಬೆಚ್ಚಿದವನೊಬ್ಬ ಕಟ್ಟೆಯಿಂದಲೇ ಕೆಳಗೆ ಹಾರಿ ಹಿಮ್ಮಡಿ ಒಡೆದುಕೊಂಡದ್ದುಂಟು, ಅದು ಮಾವನಿಗಿಂತ ಮುಂಚಿನ ಮೇಲ್ವಿಚಾರಕರ ಕಾಲದಲ್ಲಿ.

ಚೇಷ್ಟೆ ಮಾಡಿ ಸಿಕ್ಕಿಬಿದ್ದವರನ್ನು ಮಾವ ಕಚೇರಿಗೆ ಎಳೆದವರಲ್ಲ, ಬೈದವರೂ ಅಲ್ಲ. ಅವರದು ಬೇರೆಯೇ ಶಿಕ್ಷೆ. ಕಪಾಟಿನಿಂದ ಅಪಘಾತಗಳ ಹಳೆಯ ದಪ್ಪ ಪುಸ್ತಕವನ್ನು ತೆಗೆದು, ತಪ್ಪಿತಸ್ಥರನ್ನು ಎದುರಿಗೆ ಕೂರಿಸಿ, ಮೊದಲ ಪುಟದಿಂದ ತಾವೇ ಗಟ್ಟಿಯಾಗಿ ಓದುತ್ತಿದ್ದರು. ತಾರೀಕು, ಯಾರಿಗೆ ಏನಾಯಿತು, ಕಾರಣವೇನು. ಯಾವ ಟೀಕೆಯೂ ಇಲ್ಲ, ಉಪದೇಶವೂ ಇಲ್ಲ. ಇಪ್ಪತ್ತು ಪುಟ ಆಗುವಷ್ಟರಲ್ಲಿ ಎಂಥ ಭಂಡನೂ "ಸಾಕು ಮಾವ, ಇನ್ಮೇಲೆ ಮಾಡಲ್ಲ, ನಿಮ್ಮ ಕಾಲಿಗೆ ಬೀಳ್ತೀನಿ," ಎನ್ನುತ್ತಿದ್ದ.

ಈ ಲೇಖನವನ್ನು ಬರೆಯುತ್ತಿರುವಾತ ಕಟ್ಟೆಯ ಗುಮಾಸ್ತ. ಹದಿನೆಂಟು ವರ್ಷ ಮಾವನ ಕೋಣೆಯ ಮೂಲೆಯ ಮೇಜಿನಲ್ಲಿ ಕೂತು ಆ ಪಾರಾಯಣವನ್ನು ಕೇಳಿದವನು. ಹತ್ತನೆಯ ಪುಟ ಮುಗಿದಾಗ ಮಾವ ಪ್ರತಿ ಸಲವೂ ಎರಡು ಹಾಳೆಗಳನ್ನು ಒಟ್ಟಿಗೆ ತಿರುವುತ್ತಾರೆಂಬುದು ಅವನ ಕಣ್ಣಿಗೆ ಬಿದ್ದಿತ್ತು. ಹಾಳೆ ಅಂಟಿಕೊಂಡಿರಬೇಕೆಂದು ಒಮ್ಮೆ ತೆಗೆದು ನೋಡಿದ. ಅಂಟಿರಲಿಲ್ಲ. ಹನ್ನೊಂದನೆಯ ಪುಟದಲ್ಲಿ ಮೂವತ್ತೆರಡು ವರ್ಷ ಹಿಂದಿನ ಒಂದು ಅಪಘಾತವಿತ್ತು: ಹಮಾಲಿಯೊಬ್ಬನ ಬಲಗೈಯ ಎರಡು ಬೆರಳು ಹೋದದ್ದು. ಕಾರಣದ ಕೆಳಗೆ 'ಬ್ರೇಕ್ ಹಿಡಿಯಲಿಲ್ಲ' ಎಂದಿತ್ತು. ಅದರ ಕೆಳಗೆ ಗಾಡಿ ನಡೆಸುತ್ತಿದ್ದವರ ಸಹಿ, ಮಾವನದೇ. ತಮ್ಮ ಕೈಯಲ್ಲಿ ನಡೆದದ್ದನ್ನು ಓದಲು ಸಂಕೋಚವಿರಬೇಕು ಎಂದುಕೊಂಡು ಗುಮಾಸ್ತ ಸುಮ್ಮನಾದ.

ಈ ಅಭಿನಂದನ ಸಂಪುಟದ ವಿಷಯ ಹೇಳಲು ಹೋದಾಗ ಮಾವ ಷರತ್ತು ಹಾಕಿದರು.

"ಪುಸ್ತಕ ಮಾಡೋದಾದ್ರೆ ಆ ಹನ್ನೊಂದನೇ ಪುಟಾನೂ ಹಾಕಿ. ಇಲ್ಲಾಂದ್ರೆ ಪುಸ್ತಕಾನೂ ಬೇಡ, ಸಭೇನೂ ಬೇಡ."

"ಅಯ್ಯೋ, ಅದ್ರಲ್ಲೇನಿದೆ ಮಾವ? ಬ್ರೇಕ್ ಹಿಡೀಲಿಲ್ಲ ಅಂತಿದೆ, ಅಷ್ಟೇ ತಾನೆ?"

"ಅದೇ ಸುಳ್ಳು ಕಣಯ್ಯಾ."

ಆ ಮಧ್ಯಾಹ್ನ ಅವರು ಹೇಳಿದ್ದನ್ನು ಅವರ ಇಚ್ಛೆಯಂತೆ ಇಲ್ಲಿ ದಾಖಲಿಸಲಾಗಿದೆ.

ಆಗ ಅವರು ಕೆಲಸಕ್ಕೆ ಸೇರಿ ನಾಲ್ಕು ವರ್ಷ. ಫೋರ್ಕ್‌ಲಿಫ್ಟಿನಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ; ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು. ಅರ್ಧ ತೆರೆದ ಬೆಂಕಿಪೊಟ್ಟಣವನ್ನು ಕಂಬಕ್ಕೆ ಆನಿಸಿ ಪೀಪಾಯಿಯ ಮೇಲೆ ಇಟ್ಟರೆ, ಹತ್ತು ಗಜ ದೂರದಿಂದ ಗಾಡಿ ತಂದು, ಫೋರ್ಕಿನ ತುದಿಯಿಂದ ಅದನ್ನು ಮೆಲ್ಲಗೆ ಮುಚ್ಚುತ್ತಿದ್ದರು. ಪೊಟ್ಟಣ ನಜ್ಜಾಗಬಾರದು, ಬೀಳಬಾರದು. ಊಟದ ಬಿಡುವಿನಲ್ಲಿ ಇದನ್ನು ನೋಡಲೆಂದೇ ಪಕ್ಕದ ಗೋದಾಮಿನವರೂ ಬರುತ್ತಿದ್ದರು. ಆ ದಿನ ಅವರ ಜೀವದ ಗೆಳೆಯ, ಎಲ್ಲರೂ ಲಂಬು ಎನ್ನುತ್ತಿದ್ದ ಹಮಾಲಿ, ಪೀಪಾಯಿ ಯಾಕೆ ಎಂದು ಅದನ್ನು ಕಾಲಿನಿಂದ ಉರುಳಿಸಿ, ಪೊಟ್ಟಣವನ್ನು ತಾನೇ ಎರಡು ಬೆರಳಲ್ಲಿ ಕಂಬಕ್ಕೆ ಒತ್ತಿ ಹಿಡಿದ.

"ಬಾರೋ! ನಿನ್ನ ಕೈ ಮೇಲೆ ನನಗೆ ನಂಬಿಕೆ ಇದೆ!"

ನಂಬಿಕೆಗೆ ತಕ್ಕ ಹಾಗೆಯೇ ಗಾಡಿ ಬಂತು. ಇನ್ನು ಒಂದು ಗೇಣು ಇದ್ದಾಗ ಯಾರೋ ಚಪ್ಪಾಳೆ ಹೊಡೆದರು. ಮಾವ ಆ ಕಡೆ ತಿರುಗಿ ನಕ್ಕರು. ಅಷ್ಟೇ ಆದದ್ದು. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಪೊಟ್ಟಣ ಮುಚ್ಚಿ, ಅದನ್ನು ಹಿಡಿದಿದ್ದ ಬೆರಳುಗಳೂ ಕಂಬಕ್ಕೆ ಸೇರಿದ್ದುವು.

ಲಂಬುವನ್ನು ಆಸ್ಪತ್ರೆಗೆ ಕಳಿಸಿ ಬಂದ ಅಂದಿನ ಮೇಲ್ವಿಚಾರಕರು ಪುಸ್ತಕ ಬಿಡಿಸಿ ಕೂತರು. "ಆಟ ಆಡ್ತಿದ್ರು ಅಂತ ಬರೆದ್ರೆ ಇಬ್ಬರನ್ನೂ ನಾಳೇನೇ ಮನೆಗೆ ಕಳಿಸ್ತಾರೆ. ಎಂಟು ಬೆರಳಿನವನಿಗೆ ಬೇರೆ ಎಲ್ಲಿ ಕೆಲಸ ಸಿಗುತ್ತೆ? ಬ್ರೇಕ್ ಹಿಡೀಲಿಲ್ಲ ಅಂತ ಬರೀತೀನಿ. ಹಾಕು ಸಹಿ." ಮಾವ ಹಾಕಿದರು. ತಪ್ಪನ್ನು ಯಂತ್ರದ ಮೇಲೆ ಹೊರಿಸಿದರೆ ಯಂತ್ರಕ್ಕೇನು ಮಾನವೇ, ಮರ್ಯಾದೆಯೇ? ಲಂಬುವಿಗೆ ಗೇಟಿನ ಕಾವಲಿನ ಕೆಲಸ ಸಿಕ್ಕಿತು. ಎಲ್ಲವೂ ಸುಸೂತ್ರವಾಗಿ ಮುಗಿಯಿತೆಂದೇ ಎಲ್ಲರೂ ಭಾವಿಸಿದರು.

ಆ ಗಾಡಿಗೆ ಅಂದು ಬೆಳಿಗ್ಗೆ ತಾನೇ ಹೊಸ ಬ್ರೇಕ್ ಲೈನಿಂಗ್ ಹಾಕಿದ್ದವರು ಗಾಡಿಗಳ ರಿಪೇರಿ ನೋಡಿಕೊಳ್ಳುತ್ತಿದ್ದ ನಮ್ಮ ಮೇಸ್ತ್ರಿ. ಅವರಿಗೆ ಆಗ ನಲವತ್ತೆಂಟು. ಕಿವಿಯಿಂದಲೇ ಎಂಜಿನ್ನಿನ ರೋಗ ಹೇಳುತ್ತಿದ್ದವರು. ಅವರನ್ನು ಯಾರೂ ಬೈಯಲಿಲ್ಲ, ಒಂದು ನೋಟೀಸೂ ಬರಲಿಲ್ಲ. ಅವರು ಮಾತ್ರ ಮರುದಿನ ಆ ಗಾಡಿಯ ಬ್ರೇಕನ್ನು ಪೂರ್ತಿ ಬಿಚ್ಚಿ ಜೋಡಿಸಿದರು. ಖಾಲಿ ಓಡಿಸಿದರು, ಹಿಡಿಯಿತು. ಸರಕು ಹೇರಿ ಇಳಿಜಾರಿನಲ್ಲಿ ಬಿಟ್ಟರು, ಹಿಡಿಯಿತು. ಮತ್ತೆ ಬಿಚ್ಚಿದರು. ನಾಲ್ಕು ದಿನ ಹೀಗೆ ನಡೆಯಿತು. ಮಾವ ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡುತ್ತಿದ್ದರು. ಐದನೆಯ ದಿನ ಮೇಸ್ತ್ರಿ ಬೋಲ್ಟು ತಿರುಗಿಸುವ ತಮ್ಮ ಪಾನಾಗಳನ್ನೆಲ್ಲ ಒರೆಸಿ ಪೆಟ್ಟಿಗೆಯಲ್ಲಿಟ್ಟು, "ಎಲ್ಲಿ ತಪ್ಪಿದೆ ಅಂತಾನೇ ಗೊತ್ತಾಗ್ತಿಲ್ಲ. ಇನ್ನು ಈ ಕೈ ನಂಬೋ ಹಾಗಿಲ್ಲ," ಎಂದು ಬಿಡಿಭಾಗಗಳ ಸ್ಟೋರಿಗೆ ವರ್ಗ ಕೇಳಿಕೊಂಡರು. ನಿವೃತ್ತಿಯಾಗುವ ತನಕ ಹತ್ತು ವರ್ಷ ಜಾಲರಿ ಕಿಟಕಿಯ ಹಿಂದೆ ಕೂತು ನಟ್ಟು ಬೋಲ್ಟು ಕೊಟ್ಟರು.

ಮಾವನಿಗೆ ಇದು ನುಂಗಲಾರದ ತುತ್ತಾಯಿತು. ನಿಜ ಹೇಳಬೇಕೆಂದು ಅವರು ಆ ಕಿಟಕಿಯ ಮುಂದೆ ಎಷ್ಟು ಸಲ ನಿಂತರೋ ಲೆಕ್ಕವಿಲ್ಲ. ಹೇಳಿದರೆ ಲಂಬುವಿನ ಕೆಲಸ ಹೋಗುತ್ತದೆ; ಹೇಳದಿದ್ದರೆ ಎದುರಿಗೆ ಮೇಸ್ತ್ರಿಯ ಮುಖ. "ಏನು ಬೇಕಿತ್ತೋ?" ಎಂದು ಮೇಸ್ತ್ರಿ ಕೇಳಿದಾಗಲೆಲ್ಲ ಬಾಯಿಗೆ ಬಂದದ್ದು ಒಂದೇ: "ಅರ್ಧ ಇಂಚಿನ ಬೋಲ್ಟು." ಹಾಗೆ ಬೇಕಿಲ್ಲದೆ ತಂದ ಬೋಲ್ಟುಗಳು ಅವರ ಮೇಜಿನ ಖಾನೆಯಲ್ಲಿ, ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಇದ್ದುವು. ಲಂಬು ಆರು ವರ್ಷದ ಹಿಂದೆ ನಿವೃತ್ತನಾದ. "ನಂದೇನೂ ಅಡ್ಡಿ ಇಲ್ಲ ಕಣೋ, ಹೇಳಿಬಿಡು," ಎಂದೂ ಹೇಳಿದ. ಆ ಮೇಲಿನ ಆರು ವರ್ಷ ಸುಮ್ಮನಿದ್ದುದಕ್ಕೆ ಯಾವ ನೆಪವೂ ಇಲ್ಲ, ಬರೀ ಹೇಡಿತನ, ಎಂದು ಮಾವ ಬಾಯಿಬಿಟ್ಟು ಹೇಳಿದ್ದಾರೆ. ಅದನ್ನು ಮೃದುಗೊಳಿಸಿ ಬರೆಯಲು ಗುಮಾಸ್ತ ಮಾಡಿದ ಪ್ರಯತ್ನವನ್ನು ಅವರು ಹೊಡೆದುಹಾಕಿದರು.

ಅಚ್ಚಿಗೆ ಹೋಗುವ ಮುಂಚೆ ಮೇಸ್ತ್ರಿಗೆ ಗೊತ್ತಾಗಬೇಕಷ್ಟೆ. ಕಳೆದ ವಾರ ಮಾವನೂ ಗುಮಾಸ್ತನೂ ಅವರ ಮನೆಯ ಮೂರು ಮಹಡಿ ಹತ್ತಿದರು. ಎಂಬತ್ತು ದಾಟಿದ ಮೇಸ್ತ್ರಿ ಕಿಟಕಿಯ ಪಕ್ಕ ಕೂತಿದ್ದರು. ಮಾವ ಡಬ್ಬಿಯನ್ನು ಅವರ ಮುಂದಿಟ್ಟರು.

"ಏನೋ ಇದು?"

"ಬೋಲ್ಟು, ಮೇಸ್ತ್ರಿ. ನಿಮ್ಮ ಸ್ಟೋರಿಂದೇ. ಒಂದೂ ನನಗೆ ಬೇಕಿರಲಿಲ್ಲ."

"ಮತ್ಯಾಕೆ ತಗೊಂಡು ಹೋಗ್ತಿದ್ದೆ?"

"ಬೇರೇನೋ ಹೇಳೋಕೆ ಬರ್ತಿದ್ದೆ. ಬಾಯಿ ಬರ್ತಿರಲಿಲ್ಲ."

ಆಮೇಲೆ ಹೇಳಿದರು. ಪೊಟ್ಟಣ, ಲಂಬು, ಚಪ್ಪಾಳೆ, ಸಹಿ, ಒಂದನ್ನೂ ಬಿಡಲಿಲ್ಲ. ಮುಗಿದ ಮೇಲೆ ಮೇಸ್ತ್ರಿ ಕೇಳಿದರು: "ಬ್ರೇಕ್ ಎಷ್ಟು ತುಳಿದೆ?"

"ತುಳೀಲೇ ಇಲ್ಲ, ಮೇಸ್ತ್ರಿ. ಬೆರಳು ಸಿಕ್ಕಿದ ಮೇಲೆ ತುಳಿದೆ. ತುಳಿದ ಕೂಡ್ಲೇ ನಿಂತಿತು."

"ಕೂಡ್ಲೇ?"

"ಕೂಡ್ಲೇ."

ಮೇಸ್ತ್ರಿ ಕುರ್ಚಿಯಿಂದ ಅರ್ಧ ಎದ್ದು ಅಡುಗೆಮನೆಯ ಕಡೆಗೆ ಕೂಗಿದರು. "ಏ ಇವಳೇ! ಬಾ ಇಲ್ಲಿ! ಹಿಡೀತಿತ್ತಂತೆ ಕಣೇ!"

ಯಾವುದು ಎಂದು ಆಕೆ ಕೇಳಲಿಲ್ಲ. ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. "ನಾನು ಅವತ್ತೇ ಬಡ್ಕೊಂಡೆ," ಎಂದು ಗಂಡನಿಗೆ ಹೇಳಿ, ಮಾವನ ಕಡೆ ತಿರುಗಿದರು. "ಮೊಮ್ಮಗಳ ಸೈಕಲ್ ಬ್ರೇಕ್ ಸಡಿಲ ಆದ್ರೂ ಮುಟ್ಟಲ್ಲ ಅಂತ ಕೂತಿದ್ರಪ್ಪಾ ಇವರು. ಇಷ್ಟು ಹೇಳೋಕೆ ನಿನಗೆ ಮೂವತ್ತೆರಡು ವರ್ಷ ಬೇಕಾಯ್ತಾ?"

ಇಪ್ಪತ್ತೇಳು ವರ್ಷ ಎಂಥೆಂಥ ಲಾರಿ ಚಾಲಕರ ಬಾಯಿಗೂ ಜಗ್ಗದಿದ್ದ ಮಾವ ಅಲ್ಲಿ ತಲೆ ತಗ್ಗಿಸಿ ಕೂತು ಅತ್ತರು.

ಮೇಸ್ತ್ರಿ ಸಮಾಧಾನ ಹೇಳಲಿಲ್ಲ. ಡಬ್ಬಿಯ ಬೋಲ್ಟುಗಳನ್ನು ಮಡಿಲಿಗೆ ಸುರಿದುಕೊಂಡು ತುಕ್ಕು ಹಿಡಿದವನ್ನು ಬೇರೆ ಮಾಡುತ್ತ, ತಲೆಯೆತ್ತದೆ ಅಂದರು: "ನಿನ್ನ ಸಭೆಗೆ ನಾನು ಬರಲ್ಲ. ಕ್ಷಮಿಸಿ ಅಂತಾನೂ ಕೇಳ್ಬೇಡ, ಈಗ ನನ್ನ ಕೈಲಾಗಲ್ಲ. ಆದ್ರೆ ಇದನ್ನ ಅಚ್ಚು ಹಾಕಿಸು. ನನ್ನ ಕಣ್ಣಿಗೆ ಕಾಣೋ ಹಾಗೆ, ಒಂದೇ ಸಾಲಲ್ಲಿ, ದಪ್ಪಕ್ಷರದಲ್ಲಿ."

ತುಂಬಿ ಮುಗಿದುಹೋದ ಅಪಘಾತಗಳ ಪುಸ್ತಕದಲ್ಲಿ ತಿದ್ದುಪಡಿಗೆ ನಿಯಮವಿಲ್ಲವೆಂದು ಕಚೇರಿ ತಿಳಿಸಿದೆ. ಆದುದರಿಂದ ಆ ಕೆಲಸ ಈ ಸಂಪುಟದ ಪಾಲಿಗೆ ಬಂದಿದೆ. ನಿವೃತ್ತಿಯ ನಂತರವೂ ಹೊಸ ಚಾಲಕರಿಗೆ ತಿಂಗಳಿಗೊಮ್ಮೆ ಆ ದಪ್ಪ ಪುಸ್ತಕವನ್ನು ಓದಿ ಹೇಳಲು ಮಾವ ಒಪ್ಪಿದ್ದಾರೆ, ಒಂದು ಪುಟವನ್ನೂ ಬಿಡದೆ. ಆ ಓದಿಗೆ ಬೇಕಾದ ಗಟ್ಟಿ ಕಂಠವೂ ಆಯುರಾರೋಗ್ಯವೂ ಅವರಿಗಿರಲಿ. ಇದನ್ನು ಮತ್ತೆ ಮತ್ತೆ ಓದಿಕೊಳ್ಳುವಷ್ಟು ದೀರ್ಘ ಆಯುಷ್ಯ ಮೇಸ್ತ್ರಿಗೂ ಇರಲಿ ಎಂದು ಕಟ್ಟೆಯ ಸಮಸ್ತರ ಪರವಾಗಿ ಹಾರೈಸುತ್ತ, ಅವರು ಕೇಳಿದ ಸಾಲನ್ನು ಅವರು ಕೇಳಿದ ಅಕ್ಷರದಲ್ಲಿ ಕೊಡಲಾಗಿದೆ.

**ಆ ದಿನ ಬ್ರೇಕ್ ಹಿಡಿಯುತ್ತಿತ್ತು.**