ಕೆಂಪು ಗೆರೆಗೆ ತಿರುಗಿಸದ ಡೈ

ಆಪಾ ಮನೆಯ ಗ್ಯಾರೇಜಿನಲ್ಲಿ ಕಾರು ನಿಂತದ್ದನ್ನು ನಾನೆಂದೂ ಕಂಡಿಲ್ಲ. ಇಂಗ್ಲೆಂಡಿನ ಹಾರ್ಬೋರ್ನ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ಗ್ಯಾರೇಜಿನ ಒಂದು ಗೋಡೆಗೆ ಹಳೆಯ ಅಡುಗೆಮನೆಯ ಕಪಾಟುಗಳು, ಇನ್ನೊಂದು ಕಡೆ ಅಕ್ಕಿಮೂಟೆ ಮತ್ತು ಮಕ್ಕಳಿಗೆ ಚಿಕ್ಕದಾದ ಸೈಕಲ್ಲುಗಳು, ನಡುವೆ ಗಟ್ಟಿಯಾದ ಒಂದು ಮರದ ಮೇಜು. ಆ ಮೇಜಿಗೆ ಬಿಗಿದು ನಿಲ್ಲಿಸಿದ್ದ ಕೈಪ್ರೆಸ್ಸಿನಲ್ಲಿ ನಾವಿಬ್ಬರೂ ನಮ್ಮ ರೈಫಲ್ಲುಗಳ ತೋಟಾಗಳನ್ನು ನಾವೇ ತುಂಬಿಕೊಳ್ಳುತ್ತಿದ್ದೆವು. ಎರಡು ಸಾವಿರದ ಹತ್ತರ ದಶಕದ ನಡುವಿನ ಮಾತು ಇದು.

ನಾನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದದ್ದು ನನಗಿಂತ ಆರು ವರ್ಷ ದೊಡ್ಡವರಾದ, ವಿಜಯಪುರದಿಂದ ಬಂದ ಗೆಳತಿಯನ್ನು. ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅಳತೆಗಳನ್ನು ಪರೀಕ್ಷಿಸುವ ಇಂಜಿನಿಯರ್ ಅವರು. ನಾನು ಮೈಸೂರಿನವಳು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ನಮ್ಮ ಹೆಣ್ಣುಮಕ್ಕಳು ಓದುತ್ತಿದ್ದ ಶಾಲೆಯ ಗೇಟಿನ ಮುಂದೆ ಪರಿಚಯವಾಯಿತು. ಮಾತಿನ ನಡುವೆ ಇಬ್ಬರೂ ಕಾಲೇಜಿನಲ್ಲಿ ಎನ್‌ಸಿಸಿ ಸೇರಿ, ಚೀಲದ ಮೇಲೆ ಹೊಟ್ಟೆ ಊರಿ ಮಲಗಿ ಗುರಿ ಹೊಡೆದವರೆಂದು ಗೊತ್ತಾಯಿತು. ಆಪಾ ಆಗಲೇ ಇಲ್ಲಿನ ಒಂದು ರೈಫಲ್ ಕ್ಲಬ್ಬಿನ ಸದಸ್ಯೆ. ಒಂದು ಶನಿವಾರ ನನ್ನನ್ನೂ ಕರೆದುಕೊಂಡು ಹೋದರು. ವರ್ಷ ಕಳೆಯುವುದರೊಳಗೆ ಪೊಲೀಸರು ಮನೆಗೆ ಬಂದು, ರೈಫಲ್ ಇಡಲು ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆಯನ್ನು ಅಲುಗಾಡಿಸಿ ನೋಡಿ, ನನಗೂ ಲೈಸೆನ್ಸ್ ಕೊಟ್ಟರು. ನಾನೊಂದು ಸೆಕೆಂಡ್ ಹ್ಯಾಂಡ್ ರೈಫಲ್ ಕೊಂಡೆ. ಆಪಾ ಅವರದು ಹೊಸದು. ಗುಂಡಿನ ಅಳತೆ ಎರಡಕ್ಕೂ ಒಂದೇ.

ತೋಟಾ ತುಂಬುವ ಕೆಲಸವನ್ನು ಕಲಿಸಿದವರು ಅವರೇ. ಗುಂಡು ಹಾರಿದಾಗ ತೋಟಾದ ಹೊರಕವಚವಾದ ಹಿತ್ತಾಳೆಯ ಕೇಸು ಉಬ್ಬಿ, ರೈಫಲ್ಲಿನಲ್ಲಿ ತಾನು ಕೂತ ಗೂಡಿನ ಆಕಾರಕ್ಕೇ ಬರುತ್ತದೆ. ಅದನ್ನು ಮತ್ತೆ ಬಳಸಬೇಕಾದರೆ ಡೈ ಎಂಬ ಉಕ್ಕಿನ ಅಚ್ಚಿನೊಳಗೆ ತೂರಿಸಿ ಕುಗ್ಗಿಸಬೇಕು. ಡೈಯನ್ನು ಪ್ರೆಸ್ಸಿನೊಳಗೆ ಎಷ್ಟು ಕೆಳಕ್ಕೆ ತಿರುಗಿಸುತ್ತೇವೋ ಕೇಸಿನ ಹೆಗಲು, ಅಂದರೆ ಕತ್ತಿನ ಕೆಳಗಿನ ಇಳಿಜಾರು, ಅಷ್ಟು ಹಿಂದಕ್ಕೆ ಸರಿಯುತ್ತದೆ. ಸರಿಯಬೇಕಾದದ್ದು ಇಂಚಿನ ಸಾವಿರದಲ್ಲಿ ಒಂದೋ ಎರಡೋ ಪಾಲು ಮಾತ್ರ. ಸಾಲದಿದ್ದರೆ ಗೂಡಿನ ಹಿಂಬಾಗಿಲಾದ ಬೋಲ್ಟು ಮುಚ್ಚುವುದಿಲ್ಲ. ಹೆಚ್ಚಾದರೆ ಕೇಸು ಗೂಡಿನಲ್ಲಿ ಸಡಿಲವಾಗಿ ಕೂರುತ್ತದೆ, ಪ್ರತಿ ಗುಂಡಿಗೂ ಬುಡದ ಹತ್ತಿರ ಹಿಗ್ಗಿ ತೆಳ್ಳಗಾಗುತ್ತದೆ, ಕೊನೆಗೊಂದು ದಿನ ಅಲ್ಲೇ ತುಂಡಾಗುತ್ತದೆ.

ನಮ್ಮಿಬ್ಬರಿಗೂ ಇದ್ದದ್ದು ಒಂದೇ ಡೈ. ಆಪಾ ರೈಫಲ್ಲಿನ ಗೂಡು ಕೂದಲೆಳೆಯಷ್ಟು ಚಿಕ್ಕದು, ನನ್ನದು ಸ್ವಲ್ಪ ಉದ್ದ. ಅದಕ್ಕೇ ಅವರು ಡೈಯ ಮೇಲೆ ಎರಡು ಗೆರೆ ಎಳೆದಿದ್ದರು. ನೀಲಿ ಅವರದು, ಕೆಂಪು ನನ್ನದು. ಕೆಲಸ ಶುರುಮಾಡುವ ಮೊದಲು ನಮ್ಮ ನಮ್ಮ ಗೆರೆಗೆ ತಿರುಗಿಸಿಕೊಳ್ಳಬೇಕು, ಮೊದಲ ಮೂರು ಕೇಸುಗಳನ್ನು ಕ್ಯಾಲಿಪರಿನಲ್ಲಿ ಅಳೆಯಬೇಕು, ತುದಿ ಬಗ್ಗಿಸಿದ ತಂತಿಯನ್ನು ಕೇಸಿನೊಳಗೆ ಬಿಟ್ಟು ಬುಡದ ಹತ್ತಿರ ಹಳ್ಳವೇನಾದರೂ ತಡೆಯುತ್ತದೆಯೇ ಎಂದು ನೋಡಬೇಕು. ನಿಯಮ ಇಷ್ಟೇ.

ಮೊದಲ ವರ್ಷ ನಾನು ಇದನ್ನೆಲ್ಲ ಶ್ರದ್ಧೆಯಿಂದ ಮಾಡಿದೆ. ಎರಡನೆಯ ವರ್ಷ ಕೈಗೆ ರೂಢಿ ಬಂತು, ರೂಢಿಯ ಹಿಂದೆಯೇ ಆತುರವೂ ಬಂತು. ಆ ವರ್ಷ ಆಸ್ಪತ್ರೆಯ ಡ್ಯೂಟಿ ಪಟ್ಟಿ ಬಿಗಿಯಾಗಿತ್ತು. ಭಾನುವಾರ ಬೆಳಿಗ್ಗೆ ಒಂದು ಗಂಟೆ ಸಿಕ್ಕರೆ ಅಷ್ಟರಲ್ಲೇ ಮುಗಿಸಿ ಏಳುತ್ತಿದ್ದೆ. ಒಂದು ಸಲ ಡೈ ನೀಲಿ ಗೆರೆಯಲ್ಲೇ ಇದೆಯೆಂದು ಗೊತ್ತಿದ್ದೂ ತಿರುಗಿಸಲಿಲ್ಲ. ಕ್ಲಬ್ಬಿನವರು ಗುರಿ ಹೊಡೆಯುವ ರೇಂಜಿನಲ್ಲಿ ಬೋಲ್ಟು ಎಂದಿಗಿಂತ ಸಲೀಸಾಗಿ ಮುಚ್ಚಿತು. ಅಷ್ಟೇ ತಾನೇ ಬೇಕಾದದ್ದು ಅಂದುಕೊಂಡೆ. ಆಮೇಲೆ ತಿರುಗಿಸುವುದನ್ನೇ ಬಿಟ್ಟೆ, ಅಳೆಯುವುದನ್ನೂ ಬಿಟ್ಟೆ.

ಮಾರ್ಚ್ ತಿಂಗಳಲ್ಲಿ ಕೇಸುಗಳನ್ನು ಒರೆಸುವಾಗ ಕೆಲವುಗಳ ಬುಡದಿಂದ ಸ್ವಲ್ಪ ಮೇಲೆ ತೆಳುವಾದ ಹೊಳೆಯುವ ಉಂಗುರ ಕಂಡಿತು. ಕೇಸು ಒಳಗೆ ತೆಳ್ಳಗಾಗಿರುವ ಗುರುತು ಅದೆಂದು ನನಗೆ ಗೊತ್ತಿತ್ತು. ತಂತಿ ಕೈಗೆಟಕುವ ಮೊಳೆಗೇ ನೇತುಬಿದ್ದಿತ್ತು. ಇದೊಂದು ಸಲ ಸಾಕು, ಮುಂದಿನ ತಿಂಗಳು ಹೊಸ ಕೇಸು ತರೋಣ ಎಂದು ತುಂಬಿಬಿಟ್ಟೆ.

ಮುಂದಿನ ಶನಿವಾರ, ಹಳೆಯ ಕಲ್ಲುಗಣಿಯೊಂದರಲ್ಲಿ ಕಟ್ಟಿದ ರೇಂಜಿನಲ್ಲಿ ಏಳನೆಯ ಗುಂಡು ಹಾರಿಸಿದಾಗ ಕೆನ್ನೆಗೆ ಬಿಸಿ ಗಾಳಿ ತಾಕಿದಂತಾಯಿತು. ಸದ್ದು ಎಂದಿನಂತೆಯೇ ಇತ್ತು. ಬೋಲ್ಟು ಎಳೆದರೆ ಹೊರಬಂದದ್ದು ಬೆರಳುಗುರಿನಷ್ಟು ಎತ್ತರದ ಹಿತ್ತಾಳೆಯ ಬುಡ ಮಾತ್ರ. ಉಳಿದ ಕೇಸು ಒಳಗೇ ಸಿಕ್ಕಿಕೊಂಡಿತ್ತು. ರೇಂಜಿನ ಮೇಲ್ವಿಚಾರಕರು, ಬಿಳಿ ಮೀಸೆಯ ನಿವೃತ್ತ ಮೇಷ್ಟ್ರು, ಎಲ್ಲರನ್ನೂ ನಿಲ್ಲಿಸಿ ನನ್ನ ಕನ್ನಡಕ ತೆಗೆಸಿ ಕಣ್ಣು ನೋಡಿದರು. ನನಗೇನೂ ಆಗಿರಲಿಲ್ಲ.

ಪಕ್ಕದಲ್ಲೇ ಇದ್ದ ಆಪಾ ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಹೋದ ಭಾನುವಾರ ನನಗಿಂತ ಮೊದಲು ಪ್ರೆಸ್ಸಿನಲ್ಲಿ ಕೆಲಸ ಮಾಡಿದವರು ಅವರು.

"ಡೈ ನನ್ನ ಗೆರಿಗೇ ಬಿಟ್ಟು ಎದ್ದೆ ಕಾಣಸ್ತದ. ಕೆಂಪಿಗೆ ತಿರುಗಿಸಿ ಇಡಬೇಕಿತ್ತು. ತಪ್ಪು ನಂದ," ಅಂದರು.

ಆಗಲೇ ಹೇಳಬೇಕಿತ್ತು. ತಿರುಗಿಸಿಕೊಳ್ಳಬೇಕಾದವಳು ನಾನು, ಆಪಾ. ಒಂದೇ ವಾಕ್ಯ. ಅದನ್ನು ಹೇಳುವ ಬದಲು ಉಳಿದ ತೋಟಾಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕತೊಡಗಿದೆ. ಅವರು ಮೇಲ್ವಿಚಾರಕರ ಹತ್ತಿರ ಹೋಗಿ, ತನ್ನ ಪ್ರೆಸ್ಸು, ತನ್ನ ಅಜಾಗರೂಕತೆ ಎಂದು ಇಂಗ್ಲಿಷಿನಲ್ಲಿ ಹೇಳುವುದು ನನಗೆ ಕೇಳಿಸುತ್ತಿತ್ತು. ಮೇಷ್ಟ್ರು ಅದನ್ನು ರೇಂಜಿನ ಪುಸ್ತಕದಲ್ಲಿ ಬರೆದುಕೊಂಡರು.

ಆಮೇಲೆ ಆಪಾ ರೇಂಜಿಗೆ ಬರಲಿಲ್ಲ. ಫೋನು ಮಾಡಿದರೆ ಕೆಲಸ ಜಾಸ್ತಿ ಅನ್ನುತ್ತಿದ್ದರು. ಅದೇ ದಿನಗಳಲ್ಲಿ ನಾನು ಆಸ್ಪತ್ರೆಯಲ್ಲಿ ಹೊಸ ಡಾಕ್ಟರುಗಳಿಗೆ ಪಾಠ ಮಾಡುತ್ತಿದ್ದೆ: ತಪ್ಪಾದರೆ ಅದೇ ದಿನ ಬಾಯಿಬಿಟ್ಟು ಹೇಳಿ, ನೀವು ಮುಚ್ಚಿಟ್ಟರೆ ಇನ್ನೊಬ್ಬರು ಅದನ್ನು ಹೊರುತ್ತಾರೆ. ಒಂದು ಮಧ್ಯಾಹ್ನ ಈ ಮಾತು ಹೇಳುತ್ತಿರುವಾಗ ಮೇಷ್ಟ್ರ ಪುಸ್ತಕದಲ್ಲಿನ ಆಪಾ ಹೆಸರು ನೆನಪಾಯಿತು. ಪಾಠವನ್ನು ಹೇಗೋ ಮುಗಿಸಿದೆ. ಸಂಜೆ ಮನೆಗೆ ಹೋಗದೆ ನೇರವಾಗಿ ಆಪಾ ಮನೆಗೆ ಹೋದೆ.

ಗ್ಯಾರೇಜಿನಲ್ಲಿದ್ದರು. ಪ್ರೆಸ್ಸು ಬಿಚ್ಚಿ ಬಟ್ಟೆಯ ಮೇಲೆ ಹರಡಿತ್ತು. ಪಕ್ಕದಲ್ಲಿದ್ದ ನೋಟ್‌ಬುಕ್ಕಿನ ಪುಟಗಳ ತುಂಬ ಅಂಕಿಗಳು. ಡೈ ಒಂದು ಸಲ ತಪ್ಪಿದರೆ ಕೇಸು ತುಂಡಾಗುವುದಿಲ್ಲ, ಹಾಗಾಗಿ ತಪ್ಪು ಬಹಳ ದಿನದ್ದಿರಬೇಕು ಎಂಬ ಲೆಕ್ಕಕ್ಕೆ ಅವರು ಬಂದಿದ್ದರು. ತಾನು ಎಳೆದ ಕೆಂಪು ಗೆರೆಯೇ ಸುಳ್ಳೋ, ಕ್ಯಾಲಿಪರೇ ಸುಳ್ಳೋ ಎಂದು ಮೂರು ವಾರದಿಂದ ಹುಡುಕುತ್ತಿದ್ದರಂತೆ. ಕ್ಯಾಲಿಪರನ್ನು ಕಾರ್ಖಾನೆಗೆ ಒಯ್ದು ಪರೀಕ್ಷಿಸಿಯೂ ಆಗಿತ್ತು.

ನಿಂತುಕೊಂಡೇ ಎಲ್ಲ ಹೇಳಿದೆ. ಗೆರೆಗೆ ತಿರುಗಿಸದೆ ಹೋದ ತಿಂಗಳುಗಳನ್ನು, ಅಳೆಯದೆ ಬಿಟ್ಟದ್ದನ್ನು.

"ಉಂಗುರ ಕಂಡಿತ್ತೇನು?" ಎಂದು ಕೇಳಿದರು.

"ಕಂಡಿತ್ತು."

"ತುಂಬೂದಕ್ಕ ಮೊದಲ?"

"ಹ್ಞೂಂ. ಮೊದಲೇ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಡೈ ತಿರುಗಿಸಲಿಲ್ಲ, ಅದು ಮರೆವು ಅಂತ ಬಿಡಬಹುದು. ಮೂರು ವಾರ ನಾ ನನ್ನ ಕಣ್ಣನ್ನ ನಂಬಲಿಲ್ಲ, ತಂಗಿ. ಕೆಲಸದಾಗೂ ಒಂದೊಂದು ಅಳತಿ ಎರಡೆರಡು ಸಲ ತಗೊಂಡೀನಿ. ಅದು ನಿನಗ ತಿಳೀತದೇನು?"

ತಿಳಿಯುತ್ತದೆ ಎಂದೆ. ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ, ಚಹಾ ಕುಡಿ ಎಂದೂ ಅನ್ನಲಿಲ್ಲ. ಮೇಲ್ವಿಚಾರಕರ ಪುಸ್ತಕದಲ್ಲಿ ತನ್ನ ಹೆಸರಿದೆ, ಅದನ್ನು ನೀನೇ ಹೋಗಿ ಸರಿಮಾಡಿಸು ಎಂದಷ್ಟೇ ಹೇಳಿದರು.

ಆ ಶನಿವಾರ ಒಬ್ಬಳೇ ಹೋದೆ. ಮೇಷ್ಟ್ರು ನಾನು ಹೇಳಿದ್ದನ್ನೆಲ್ಲ ಕೇಳಿ, ಹಳೆಯ ಸಾಲನ್ನು ಗೀಚಿ ಹಾಕಿ ನನ್ನ ಹೆಸರು ಬರೆದರು. ಆ ಕೇಸುಗಳು ಇನ್ನೂ ಉಳಿದಿವೆಯೇ ಎಂದು ಕೇಳಿದರು. ಎಲ್ಲವನ್ನೂ ಜಜ್ಜಿ ಗುಜರಿಗೆ ಹಾಕಿದ್ದೇನೆ ಎಂದೆ. ತಲೆಯಾಡಿಸಿ ಗುರಿಹಲಗೆಗಳನ್ನು ಹೊರಲು ಹೋದರು. ನಾನೂ ಒಂದು ತುದಿ ಹಿಡಿದೆ.

ಆಪಾ ಫೋನು ಬರಲು ಜೂನ್ ಆಯಿತು. ನಿನ್ನದೇ ಒಂದು ಡೈ ತಗೊಂಡು ಬಾ ಎಂದರು. ಅದನ್ನು ಕೂರಿಸಲು ಇಡೀ ಬೆಳಿಗ್ಗೆ ಹಿಡಿಯಿತು. ನನ್ನ ರೈಫಲ್ಲಿನಲ್ಲಿ ಹಾರಿಸಿದ ಐದು ಕೇಸುಗಳನ್ನು ಮೊದಲು ಅಳೆಯಿಸಿದರು. ಡೈಯನ್ನು ಬೇಕೆಂದೇ ಮೇಲಿಟ್ಟು, ಸ್ವಲ್ಪ ಸ್ವಲ್ಪವೇ ಕೆಳಗೆ ತಿರುಗಿಸುತ್ತಾ, ಪ್ರತಿ ಸಲವೂ ಅಳತೆಯನ್ನು ಗಟ್ಟಿಯಾಗಿ ಹೇಳು ಅಂದರು. ಸಾವಿರದಲ್ಲಿ ಒಂದೂವರೆ ಪಾಲು ಹಿಂದಕ್ಕೆ ಸರಿದಾಗ ಡೈಯನ್ನು ಅಲ್ಲೇ ಹಿಡಿದಿಡುವ ಬಿಗಿಯುಂಗುರವನ್ನು ನನ್ನ ಕೈಯಲ್ಲೇ ಬಿಗಿಸಿದರು. ಬಿಗಿಸಿದ ಮೇಲೆ ಮತ್ತೆ ಅಳೆಯಿಸಿದರು, ಬಿಗಿಸುವಾಗಲೂ ಡೈ ಸರಿಯಬಹುದೆಂದು. ಊಟದ ಹೊತ್ತಿಗೆ ಒಳಗಿನಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದು ಮೇಜಿನ ಇನ್ನೊಂದು ತುದಿಯಲ್ಲಿಟ್ಟು, ಕೈ ಚೆನ್ನಾಗಿ ತೊಳಕೊಂಡು ಬಾ ಎಂದರು.

ಮತ್ತೆ ಇಬ್ಬರೂ ರೇಂಜಿಗೆ ಹೋಗತೊಡಗಿದೆವು. ಹಳೆಯ ಸಲಿಗೆ ಬರಲು ಇನ್ನೊಂದು ವರ್ಷವೇ ಬೇಕಾಯಿತು. ನಾನು ಕೇಸು ತುಂಬುವಾಗ ಅವರು ಬಂದು ಒಂದನ್ನು ಎತ್ತಿಕೊಂಡು ತಂತಿ ಬಿಟ್ಟು ನೋಡುತ್ತಿದ್ದರು. ಮೊದಮೊದಲು ನನಗೆ ಮುಖ ಸುಡುತ್ತಿತ್ತು. ಆಮೇಲೆ ಅವರು ಮರೆತರೆ ನಾನೇ ಒಂದನ್ನು ಅವರ ಕೈಗೆ ಕೊಡುತ್ತಿದ್ದೆ. ಕೆಲಸದ ಮೇಲೆ ಅವರು ಲೀಡ್ಸ್ ನಗರಕ್ಕೆ ಹೋಗುವವರೆಗೂ ಹಾಗೆಯೇ ನಡೆಯಿತು.