ಪೀಪಾಯಿ ತಾತನ ಬೆರಳಗೆಣ್ಣು
ಪೀಪಾಯಿ ತಾತನ ಪಕ್ಕದಲ್ಲಿ ಕೂರುವವರು ತಲೆ ಜೋಪಾನ ಮಾಡಿಕೊಳ್ಳಬೇಕು. ನಮ್ಮೂರ ಬಿಯರ್ ಕಾರ್ಖಾನೆಗೆ ಮೂವತ್ತು ವರ್ಷ ಮರದ ಪೀಪಾಯಿ ಕಟ್ಟಿಕೊಟ್ಟವನು ಅವನು. ಕೈಗೆ ಏನೇ ಸಿಕ್ಕರೂ ಬೆರಳಗೆಣ್ಣಿನಿಂದ ಎರಡು ಸಲ ಕುಟ್ಟಿ, ಕಿವಿಗೊಟ್ಟು, ತುಂಬಿದೆಯೋ ಖಾಲಿಯೋ ಎಂದು ತೀರ್ಪು ಕೊಟ್ಟೇ ಬಿಡುತ್ತಾನೆ. ಗ್ಯಾಸ್ ಸಿಲಿಂಡರಿಗೆ "ಇನ್ನು ನಾಲ್ಕೇ ದಿನ" ಎಂದರೆ ಐದನೆಯ ದಿನ ಒಲೆ ಹತ್ತುವುದಿಲ್ಲ. ಅಳಿಯನ ತಲೆಗೆ ಒಮ್ಮೆ ಕುಟ್ಟಿ, ಮಗಳ ಮುಖ ನೋಡಿ ನಿಟ್ಟುಸಿರು ಬಿಟ್ಟನಂತೆ. ಆ ಕಾರ್ಖಾನೆಯೂ ಅದರ ಮುಂದಿದ್ದ ಬಿಯರ್ ಮನೆಯೂ ನೆಲಸಮವಾಗಿ ಇಪ್ಪತ್ತೈದು ವರ್ಷವಾಯಿತು. ಅಲ್ಲೀಗ ಸೋಫಾ ಮಾರುತ್ತಾರೆ. "ಇದರ ಕೆಳಗೆ ನಮ್ಮ ನೆಲಮಾಳಿಗೆ ಇದೆ ಕಣ್ರೋ" ಎಂದರೆ ಸ್ವಂತ ಮೊಮ್ಮಕ್ಕಳೇ "ತಾತ ಬುರುಡೆ ಬಿಡ್ತಾರೆ" ಎಂದು ನಗುತ್ತಾರೆ. "ನಕ್ಷೆಯಲ್ಲೇ ಇಲ್ವಲ್ಲ ಅಜ್ಜಾ" ಎನ್ನುತ್ತಾನೆ ಅಂಗಡಿಯ ಮಾಲೀಕ. ತಾತ ಸೋಲುವವನಲ್ಲ. ದಿನಾ ಬೆಳಗ್ಗೆ ಸೋಫಾ ಕೊಳ್ಳುವವನ ಗತ್ತಿನಲ್ಲಿ ಒಳಗೆ ಹೋಗಿ, ಹಿಂದಿನ ಗೋಡೆಗೆ ಎರಡು ಸಲ ಕುಟ್ಟಿ, "ಪೊಳ್ಳು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬರುತ್ತಾನೆ. ಮೊನ್ನೆ ಲಿಫ್ಟ್ ಕೂರಿಸಲು ಆ ಗೋಡೆ ಒಡೆದರು. ಹಿಂದೆ ಕೆಳಗಿಳಿಯುವ ಮೆಟ್ಟಿಲು ಸಿಕ್ಕಿತು. ಮಾಲೀಕನೇ ಓಡಿ ಬಂದು ತಾತನನ್ನು ಕೈ ಹಿಡಿದು ಕರೆದೊಯ್ದ; ಹಿಂದೆಯೇ ಅರ್ಧ ಬೀದಿ ಇಳಿಯಿತು. ಮೂಲೆಯಲ್ಲಿ ಒಂದೇ ಒಂದು ಪೀಪಾಯಿ, ಅವನು ಕಟ್ಟಿದ ಕೊನೆಯದು. ತಾತ ಕೈಯೆತ್ತಿದ, ಆದರೆ ಕುಟ್ಟಲಿಲ್ಲ. ನಿದ್ದೆಹೋದ ಮಗುವಿನ ಬೆನ್ನು ಸವರುವ ಹಾಗೆ ಅಂಗೈಯಿಂದ ಸವರಿದ. ಆಮೇಲೆ ಕುಟ್ಟಿದ, ಎರಡು ಸಲ. ಕಿವಿಗೊಟ್ಟ. "ಮುಕ್ಕಾಲು ಇದೆ," ಎಂದ. "ಕಾಲು ಭಾಗ ಗಾಳಿ ಕುಡಿದಿದೆ. ಸೋರಿದ್ದು ಒಂದು ಹನೀನೂ ಇಲ್ಲ; ಬೇಕಾದ್ರೆ ನೆಲ ಮುಟ್ಟಿ ನೋಡ್ರೋ!"