ಬಸವಕುಮಾರ್ ಮೇಷ್ಟ್ರಿಗೆ ಸಿಕ್ಕ ಒಂದೇ ಉಲ್ಲೇಖ

ಚಿತ್ತವಾಡ್ಗಿಯ ಬಸವಕುಮಾರ್ ಮೇಷ್ಟ್ರು ರಾಜ್ಯಶಾಸ್ತ್ರದಲ್ಲಿ ಬರೆದ ಲೇಖನಗಳನ್ನು ಪೇರಿಸಿದ್ದರೆ ತುಂಗಭದ್ರಾ ಡ್ಯಾಮಿಗೆ ನೆರಳಾಗುತ್ತಿತ್ತು. ಆದರೆ ಇಪ್ಪತ್ತು ವರ್ಷದಲ್ಲಿ ಇನ್ನೊಬ್ಬರು ತಮ್ಮ ಬರಹದಲ್ಲಿ ಅವರ ಹೆಸರೆತ್ತಿದ್ದು ಸೊನ್ನೆ ಸಲ. ಪ್ರೊಫೆಸರ್ ಹುದ್ದೆಯ ಸಂದರ್ಶನಕ್ಕೆ ಒಂದಾದರೂ ಉಲ್ಲೇಖ ಬೇಕಿತ್ತು.

೨೦೦೭ರಲ್ಲಿ ಅದು ಸಿಕ್ಕಿತು. ಸಂಡೂರಿನ ಗುಡ್ಡದ ಹಟ್ಟಿಯೊಂದರ ಗ್ರಾಮಸಭೆಯ ಬಗ್ಗೆ ಅವರು ಬರೆದಿದ್ದ 'ಗಣಿಗೆ ಯಾರೂ ವಿರೋಧ ಹೇಳಲಿಲ್ಲ' ಎಂಬ ಸಾಲನ್ನು ಅದಿರಿನ ಸಾಹುಕಾರನೊಬ್ಬನ ವಕೀಲರು ಕೋರ್ಟಿಗೆ ಒಪ್ಪಿಸಿದರು. ಮೇಷ್ಟ್ರು ಹಿಗ್ಗಿದ ರಭಸಕ್ಕೆ ಅಂಗಿಯ ಗುಂಡಿಗಳು ಹಾರಿ ಕಂಪ್ಲಿಯಲ್ಲಿ ಬಿದ್ದವು.

ಮರುದಿನವೇ ಆ ಹಟ್ಟಿಯ ಉಚ್ಚೆಂಗಮ್ಮ ಬಾಗಿಲಿಗೆ ಬಂದಳು.

"ಸರ, ಆ ಸಭ್ಯಾಗ ಸಾಹುಕಾರ ಕೊಟ್ಟ ಎಲಿ ಅಡಿಕಿ ಮುಟ್ಟದಂಗ ಎಲ್ರೂ ಎದ್ದು ಬಂದಿವಲ್ರಿ. ನಮ್ಮಲ್ಲಿ ಒಲ್ಲೆ ಅನ್ನೋದು ಹಂಗ. ಬಾಯಿಬಿಟ್ಟು ಅಂದ್ರ ಊರಿಗೆ ಬಂದೋರಿಗೆ ಅವಮಾನ. ಆಗ್ಲೇ ನಿಮಗ ಹೇಳಿದ್ನಲ್ರಿ."

"ಹೇಳಿದ್ದಿ ಬಿಡವ್ವ. ಪುಟ ಸಾಲ್ಲಿಲ್ಲ."

"ಹಂಗಾರ ತಪ್ಪಾತು ಅಂತ ಈಗ ಬರ್ಕೊಡ್ರಿ. ಸೋಮವಾರ ಕೋರ್ಟೈತಿ. ಇಲ್ಲಂದ್ರ ಹಟ್ಟೀನ ಹೋಗ್ತೈತಿ."

ಬರೆದುಕೊಟ್ಟರೆ ಇದ್ದೊಂದು ಉಲ್ಲೇಖವೂ ಮಣ್ಣುಪಾಲು. ಸಂದರ್ಶನವಿದ್ದದ್ದು ಬುಧವಾರ.

"ಗುರುವಾರ ಬಾರವ್ವ," ಎಂದರು ಮೇಷ್ಟ್ರು, ಬೆಣ್ಣೆಯಂಥ ದನಿಯಲ್ಲಿ.

ಬುಧವಾರ ಅವರು ಸೋಮವಾರ ಬಂದ ಕೋರ್ಟಿನ ತೀರ್ಪಿಗೆ ಲ್ಯಾಮಿನೇಷನ್ ಮಾಡಿಸಿಕೊಂಡು ಹೋಗಿ ಸಂದರ್ಶಕರ ಮುಂದಿಟ್ಟರು. ತೀರ್ಪಿನ ನಾಲ್ಕನೇ ಪುಟದಲ್ಲಿ ಅವರ ಹೆಸರಿತ್ತು.

"ಭಲೇ! ಸಮಾಜದ ಮೇಲೆ ಇಷ್ಟು ನೇರ ಪರಿಣಾಮ ಬೀರಿದ ಸಂಶೋಧನೆ ನಾವು ನೋಡೇ ಇಲ್ಲ," ಎಂದು ಸಂದರ್ಶಕರು ಬೆನ್ನು ತಟ್ಟಿದರು.

ಗುರುವಾರ ಪ್ರೊಫೆಸರ್ ಬಸವಕುಮಾರ್ ಮಾತಿಗೆ ತಪ್ಪದೆ ಪೆನ್ನು ಹಿಡಿದು ಮನೆಯಲ್ಲೇ ಕಾದರು. ಉಚ್ಚೆಂಗಮ್ಮ ಬರಲಿಲ್ಲ. ಅಂದು ಹಟ್ಟಿಗೆ ಜೆಸಿಬಿ ಬಂದಿತ್ತು.